ನಕ್ಷೆಯ ರೇಖೆಗಳು: ಅವುಗಳ ದಪ್ಪ ಮತ್ತು ಪ್ರಮಾಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರಿಲ್ಲ. ಮನೆ ಕಟ್ಟುವ ಕಷ್ಟವೆಂದರೆ ಹಣ, ಸಿಮೆಂಟು, ಮರಳುಗಳನ್ನು ಒದಗಿಸುವ ಕಷ್ಟವೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಇವೆಲ್ಲಕ್ಕೂ ಮೊದಲು ಹಾಳೆಯ ಮೇಲೆ ಎಳೆದ ಗೆರೆಗಳಿವೆ. ನಕ್ಷೆ ಬರೆದವನು ಎದುರಿಗೆ ಇಲ್ಲದಿರುವಾಗ ಆ ಗೆರೆಗಳನ್ನು ಓದಿಕೊಂಡೇ ಮೇಸ್ತ್ರಿಯು ಗೋಡೆಯನ್ನು ಎಬ್ಬಿಸಬೇಕಾಗುತ್ತದೆ. ಹೀಗಿರುವುದರಿಂದ ನಕ್ಷೆಯೂ ಒಂದು ಭಾಷೆಯೇ. ಗೆರೆಯೇ ಅದರ ಅಕ್ಷರ. ಈ ಭಾಷೆಯನ್ನು ಈಗ ಬಹುಮಟ್ಟಿಗೆ ಕಂಪ್ಯೂಟರಿನಲ್ಲಿಯೇ ಬರೆಯುತ್ತಾರೆ. 1982ರಲ್ಲಿ ಹೊರಬಂದ ಆಟೋಕ್ಯಾಡ್ ಎಂಬ ತಂತ್ರಾಂಶವು ಈ ಕೆಲಸದಲ್ಲಿ ಹೆಸರಾದದ್ದು. ಅದರಲ್ಲಿ ಗೆರೆಯ ಬಗೆಯನ್ನೂ ದಪ್ಪವನ್ನೂ ಪ್ರಮಾಣಕ್ಕೆ ಹೊಂದಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರ ಮಾಡೋಣ. ಕಲಾ ವಿದ್ಯಾರ್ಥಿಗಳಿಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ಭೂಪಟವನ್ನು ಓದುವ ಭೂಗೋಳ ವಿದ್ಯಾರ್ಥಿಗೂ ಇದೇ ಪ್ರಶ್ನೆ ಎದುರಾಗುತ್ತದೆ ಎಂಬುದನ್ನು ಮುಂದೆ ಕಾಣಬಹುದು.

ಮೊದಲು ಗೆರೆಗಳ ಅರ್ಥವನ್ನು ನೋಡೋಣ. ಮನೆಯನ್ನು ಕಿಟಕಿಯ ಮಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿ ಮೇಲಿನಿಂದ ನೋಡಿದಂತೆ ತಳನಕ್ಷೆಯನ್ನು ಬರೆಯುತ್ತಾರೆ. ಹಾಗೆ ಕತ್ತರಿಸಲ್ಪಟ್ಟ ಗೋಡೆಗೆ ಎಲ್ಲಕ್ಕಿಂತ ದಪ್ಪ ಗೆರೆ. ಕೆಳಗೆ ಕಾಣುವ ಮೆಟ್ಟಿಲು, ಕಟ್ಟೆಗಳಿಗೆ ಮಧ್ಯಮ ಗೆರೆ. ಅಳತೆಯನ್ನು ಸೂಚಿಸಲು ಸಣ್ಣ ಗೆರೆ. ತಲೆಯ ಮೇಲಿರುವ ಅಟ್ಟ, ತೊಲೆ, ಸಜ್ಜಾಗಳನ್ನು ತುಂಡುಗೆರೆಯಿಂದ ತೋರಿಸುತ್ತಾರೆ. ಈ ತುಂಡುಗೆರೆಯು ಮುದ್ರಣದಲ್ಲಿ ಅಖಂಡವಾಗಿ ಬಿದ್ದರೆ ಆಗುವುದೇನು? ಅಡಿಗೆಮನೆಯ ಅಟ್ಟವು ನೆಲದ ಮೇಲಿನ ಕಟ್ಟೆಯಂತೆ ತೋರುತ್ತದೆ. ಓದುವವನದು ತಪ್ಪಿಲ್ಲ, ಬರೆದ ಅಕ್ಷರವೇ ಬೇರೆಯಾಗಿದೆ. ಕಟ್ಟಿದ್ದನ್ನು ಒಡೆಸುವ ಖರ್ಚು ಮಾತ್ರ ಮನೆಯ ಯಜಮಾನನದು.

ಇನ್ನು ಪ್ರಮಾಣದ ವಿಷಯ. ಮೂವತ್ತು ನಲವತ್ತರ ನಿವೇಶನವನ್ನು ತೆಗೆದುಕೊಳ್ಳೋಣ. ಅದರ ಉದ್ದ ಸುಮಾರು 12.2 ಮೀಟರು, 1:100ರ ನಕ್ಷೆಯಲ್ಲಿ ಅದು 122 ಮಿಲಿಮೀಟರು. ನಿವೇಶನ ಕುಗ್ಗಿತೆಂದು ಗೆರೆಯನ್ನೂ ನೂರು ಪಾಲು ಕುಗ್ಗಿಸಿದರೆ ಅದು ಕಣ್ಣಿಗೆ ಕಾಣುವುದೇ ಇಲ್ಲ. ಉದ್ದಗಲಗಳು ಕಟ್ಟಡಕ್ಕೆ ಸೇರಿದವು. ಗೆರೆಯ ದಪ್ಪವೂ ತುಂಡಿನ ಉದ್ದವೂ ಕಾಗದಕ್ಕೆ ಸೇರಿದವು. ಮೊದಲನೆಯವು ಪ್ರಮಾಣದಂತೆ ಕುಗ್ಗಬೇಕು, ಎರಡನೆಯವು ಕುಗ್ಗಬಾರದು. ಈ ವಿಷಯದ ತಿರುಳೆಲ್ಲ ಇಷ್ಟೇ. ಭೂಪಟದಲ್ಲಿಯೂ ಹೀಗೆಯೇ. 1:50,000 ಪ್ರಮಾಣದ ಭೂಪಟದಲ್ಲಿ ಅರ್ಧ ಮಿಲಿಮೀಟರು ದಪ್ಪದ ಗೆರೆಯಿಂದ ರಸ್ತೆಯನ್ನು ತೋರಿಸಿದರೆ, ಲೆಕ್ಕದ ಮೇಲೆ ಆ ರಸ್ತೆ 25 ಮೀಟರು ಅಗಲವಾಯಿತು! ಅದು ರಸ್ತೆಯ ಅಗಲವಲ್ಲ, ರಸ್ತೆಯ ಸಂಕೇತ ಎಂದು ನಾವು ತಿಳಿದುಕೊಳ್ಳುತ್ತೇವೆ.

ಕೈಯಿಂದ ಬರೆಯುವವನಿಗೆ ಈ ತೊಡಕಿರಲಿಲ್ಲ. ಅವನು ನೇರವಾಗಿ ಕಾಗದದ ಮೇಲೆಯೇ ಬರೆಯುತ್ತಿದ್ದನು. ಕಂಪ್ಯೂಟರಿನಲ್ಲಿಯಾದರೋ ಮನೆಯನ್ನು ಅದರ ನಿಜವಾದ ಅಳತೆಯಲ್ಲಿಯೇ ಬರೆದು ಮುದ್ರಣದ ಕಾಲಕ್ಕೆ ಕುಗ್ಗಿಸುತ್ತಾರೆ. ಆಟೋಕ್ಯಾಡ್‌ನ ಮೆಟ್ರಿಕ್ ಪಟ್ಟಿಯಲ್ಲಿ 'ಹಿಡನ್' ಎಂಬ ತುಂಡುಗೆರೆಯ ತುಂಡು 6.35, ನಡುವಣ ತೆರಪು 3.175. ಮಿಲಿಮೀಟರಿನಲ್ಲಿ ಬರೆದ ನಕ್ಷೆಯನ್ನು 1:100ಕ್ಕೆ ಇಳಿಸಿದರೆ ತುಂಡು 0.06 ಮಿಲಿಮೀಟರು ಆಗಿ, ತೆರಪುಗಳೆಲ್ಲ ಕೂಡಿಕೊಂಡು ಗೆರೆ ಅಖಂಡವಾಗಿ ಕಾಣುತ್ತದೆ. ಅದೇ ಮನೆಯನ್ನು ಮೀಟರಿನಲ್ಲಿ ಬರೆದರೆ ಒಂದು ತುಂಡೇ 6.35 ಮೀಟರು, ಮೂರು ಮೀಟರಿನ ಕೋಣೆಯಲ್ಲಿ ಒಂದು ತುಂಡೂ ಹಿಡಿಸದೆ ಆಗಲೂ ಗೆರೆ ಅಖಂಡವೇ. ಕಾರಣಗಳು ಒಂದಕ್ಕೊಂದು ವಿರುದ್ಧ, ಫಲ ಮಾತ್ರ ಒಂದೇ. ಆದಕಾರಣ ನಕ್ಷೆಯನ್ನು ಯಾವ ಮಾನದಲ್ಲಿ ಬರೆದಿದೆ ಎಂಬುದನ್ನು ಮೊದಲು ತಿಳಿಯಬೇಕು.

ಇದಕ್ಕೆ ಪರಿಹಾರ ಎಲ್‌ಟಿಸ್ಕೇಲ್ ಎಂಬ ಗುಣಕ. ಮಿಲಿಮೀಟರಿನ ನಕ್ಷೆಯಲ್ಲಿ ಅದನ್ನು 50 ಎಂದು ಇಟ್ಟರೆ 1:100ರ ಹಾಳೆಯಲ್ಲಿ ತುಂಡು ಸುಮಾರು 3.2 ಮಿಲಿಮೀಟರು ಆಗುತ್ತದೆ. ಓದಲು ಹಿತವಾದ ಅಳತೆ. ಆದರೆ ಅದೇ ಹಾಳೆಯಲ್ಲಿ ಮೆಟ್ಟಿಲಿನ ವಿವರವನ್ನು 1:20ರಲ್ಲಿ ತೋರಿಸಿದರೆ ಅಲ್ಲಿ ತುಂಡು 16 ಮಿಲಿಮೀಟರು ಆಗುವುದು! ಇದನ್ನು ತಪ್ಪಿಸಲು ಪಿಎಸ್‌ಎಲ್‌ಟಿಸ್ಕೇಲ್ ಎಂಬುದನ್ನು 1 ಎಂದಿಟ್ಟು, ಎಲ್‌ಟಿಸ್ಕೇಲನ್ನು 0.5ಕ್ಕೆ ಇಳಿಸಬೇಕು. ಆಗ ಲೇಔಟಿನ ಕಿಂಡಿಗಳ ಪ್ರಮಾಣ ಬೇರೆ ಬೇರೆಯಾಗಿದ್ದರೂ ತುಂಡುಗಳು ಕಾಗದದ ಅಳತೆಯಲ್ಲಿ ಒಂದೇ ಸಮನಾಗಿರುತ್ತವೆ. ಬದಲಾವಣೆ ತೆರೆಯ ಮೇಲೆ ಕಾಣದಿದ್ದರೆ ರೀಜೆನ್‌ಆಲ್ ಎಂಬ ಆಜ್ಞೆಯನ್ನು ಕೊಡಬೇಕು. ಒಂದೊಂದು ಗೆರೆಗೂ ಬೇರೆ ಗುಣಕ ಕೊಡಲು ಅವಕಾಶವುಂಟು. ಅದು ಎಲ್‌ಟಿಸ್ಕೇಲಿನೊಡನೆ ಗುಣಿಸಿಕೊಳ್ಳುವುದರಿಂದ ಮಿತವಾಗಿ ಬಳಸುವುದೇ ಮೇಲು. ಚಿಕ್ಕ ಚಿಕ್ಕ ತುಣುಕುಗಳಿಂದಾದ ವಕ್ರರೇಖೆ ಇನ್ನೂ ಅಖಂಡವಾಗಿಯೇ ತೋರಿದರೆ, ತುಂಡಿನ ಎಣಿಕೆ ಪ್ರತಿ ಮೂಲೆಯಲ್ಲಿಯೂ ಹೊಸದಾಗಿ ಆರಂಭವಾಗುತ್ತಿದೆಯೆಂದು ತಿಳಿಯಬೇಕು. ಆ ಪಾಲಿಲೈನಿನ ಗುಣಗಳಲ್ಲಿ ಲೈನ್‌ಟೈಪ್ ಜನರೇಷನ್ ಎಂಬುದನ್ನು ಸಕ್ರಿಯಗೊಳಿಸಿದರೆ ಅದು ಸರಿಹೋಗುವುದು.

ದಪ್ಪದ ವಿಷಯದಲ್ಲಿ ಅಂತರರಾಷ್ಟ್ರೀಯ ಮಾನಕದ ಶ್ರೇಣಿಯೊಂದಿದೆ: 0.13, 0.18, 0.25, 0.35, 0.5, 0.7, 1.0 ಮಿಲಿಮೀಟರು. ಪ್ರತಿಯೊಂದೂ ಹಿಂದಿನದರ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲ. ಎ4 ಹಾಳೆಯ ಬದಿಗೂ ಎ3 ಹಾಳೆಯ ಬದಿಗೂ ಇರುವ ಅನುಪಾತವೂ ಅದೇ. ಆದ್ದರಿಂದ ಎ4ರ ನಕ್ಷೆಯನ್ನು ಎ3ಕ್ಕೆ ಹಿಗ್ಗಿಸಿದರೆ 0.35ರ ಗೆರೆ 0.5 ಆಗುತ್ತದೆ, ಅದೇ ಶ್ರೇಣಿಯ ಲೇಖನಿಯಿಂದ ಮುಂದುವರಿಸಬಹುದು. ಇದು ಆಕಸ್ಮಿಕವಲ್ಲ, ಯೋಚಿಸಿ ಮಾಡಿದ ಏರ್ಪಾಡು.

ಎ1 ಹಾಳೆಯ ನಕ್ಷೆಯನ್ನು ಎ3ಕ್ಕೆ ಇಳಿಸುವಾಗ ಎಚ್ಚರ ಬೇಕು. ಆಗ ಎಲ್ಲವೂ ಅರ್ಧವಾಗುತ್ತದೆ. 115 ಮಿಲಿಮೀಟರು ದಪ್ಪದ ಒಳಗೋಡೆಯ ಎರಡು ಗೆರೆಗಳು 1:100ರಲ್ಲಿ 1.15 ಮಿಲಿಮೀಟರು ಅಂತರದಲ್ಲಿರುತ್ತವೆ. ಇಳಿಸಿದ ಮೇಲೆ ಈ ಅಂತರ 0.575. ಗೆರೆಗಳ ದಪ್ಪ 0.5 ಆಗಿಯೇ ಉಳಿದರೆ ಗೋಡೆಯು ಒಂದೇ ಕಪ್ಪು ಪಟ್ಟಿಯಾಗುತ್ತದೆ. ಲೇಔಟನ್ನು ಮುದ್ರಿಸುವಾಗ ಸ್ಕೇಲ್ ಲೈನ್‌ವೇಟ್ಸ್ ಎಂಬುದನ್ನು ಗುರುತು ಮಾಡಿದರೆ ದಪ್ಪವೂ 0.25ಕ್ಕೆ ಇಳಿದು ನಡುವೆ ಬಿಳುಪು ಉಳಿಯುತ್ತದೆ. ಆದರೆ ಆಗ 0.18ರ ಅಳತೆಗೆರೆ 0.09 ಆಗಿ ಜೆರಾಕ್ಸ್ ಪ್ರತಿಯಲ್ಲಿ ಅಳಿಸಿಹೋಗಬಹುದು. ಇಳಿಸುವ ಉದ್ದೇಶವಿದ್ದರೆ ಅತಿ ಸಣ್ಣ ಗೆರೆಯನ್ನೂ 0.25ಕ್ಕಿಂತ ಕಡಮೆ ಇಡದಿರುವುದು ಕ್ಷೇಮ. 1:100 ಎಂದು ಅಚ್ಚಾದ ಮಾತೂ ಆಗ ಸುಳ್ಳಾಗುವುದರಿಂದ ಹಾಳೆಯ ಮೇಲೆ ಅಳತೆಪಟ್ಟಿಯೊಂದನ್ನು ಬರೆದಿಡಬೇಕು. ಅದು ನಕ್ಷೆಯೊಡನೆಯೇ ಕುಗ್ಗಿ ಸತ್ಯವನ್ನು ಹೇಳುತ್ತದೆ.

ಕಂಪ್ಯೂಟರಿನ ತೆರೆಯನ್ನು ನಂಬಿ ಇದನ್ನೆಲ್ಲ ತೀರ್ಮಾನಿಸಲಾಗದು. ಮಾಡೆಲ್ ಭಾಗದಲ್ಲಿ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಗೆರೆಯ ದಪ್ಪ ಹಾಗೆಯೇ ತೋರುತ್ತದೆ. ಮೊದಲು ಒಂದು ಪ್ರತಿಯನ್ನು ಮುದ್ರಿಸಿ, ಕೆಲಸದ ಸ್ಥಳದಲ್ಲಿ ಬಿಸಿಲು ಧೂಳುಗಳ ನಡುವೆ ಅದನ್ನು ಹಿಡಿಯುವವನ ಕಣ್ಣಿನಿಂದ ನೋಡಬೇಕು. ಗೋಡೆ ಯಾವುದು, ಅಟ್ಟ ಯಾವುದು, ಅಳತೆ ಯಾವುದು ಎಂಬುದು ಕೇಳದೆಯೇ ತಿಳಿದರೆ ನಕ್ಷೆ ಸರಿಯಾಗಿದೆಯೆಂದು ಅರ್ಥ. ನಮ್ಮ ಮಿತ್ರರಲ್ಲಿ ಪದವಿಯ ತರುವಾಯ ಈ ವಿದ್ಯೆಯನ್ನು ಕಲಿತು ಜೀವನೋಪಾಯ ಮಾಡಿಕೊಳ್ಳುವವರೂ ಇರಬಹುದು. ಅವರು ಆಜ್ಞೆಗಳನ್ನು ಬಾಯಿಪಾಠ ಮಾಡುವುದಕ್ಕೆ ಮುಂಚೆ, ಯಾವುದು ಕಟ್ಟಡಕ್ಕೆ ಸೇರಿದ್ದು, ಯಾವುದು ಕಾಗದಕ್ಕೆ ಸೇರಿದ್ದು ಎಂಬ ಈ ಒಂದು ವಿವೇಕವನ್ನು ಸಂಪಾದಿಸಿಕೊಂಡರೆ ಉಳಿದುದು ಸುಲಭವಾಗುವುದೆಂಬುದರಲ್ಲಿ ಸಂದೇಹವಿಲ್ಲ.