ದೊಡ್ಡ ಮಕ್ಕಳ ಕ್ಲಾಸು ಹಿಡಿದ ಮಗಳಿಗೆ

ಮಗಳೇ, ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ಕ್ಲಾಸು ಇನ್ನು ಮೇಲೆ ನಿನ್ನದು ಎಂದು ಅಯ್ಯನವರು ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಿನಗೆ ಮಾತ್ರ ಅಳುಕು. ಚಿಕ್ಕವರು ಹಾಡು, ಅಭಿನಯ, ಬಣ್ಣದ ಚಿತ್ರ ಅಂದರೆ ಓಡಿ ಬರುತ್ತಾರೆ. ಎಂಟನೇ ಕ್ಲಾಸು ದಾಟಿದವರನ್ನು ಹಿಡಿದು ಕೂರಿಸುವುದು ಹೇಗೆ ಎಂಬುದು ನಿನ್ನ ಚಿಂತೆ. ಆ ಚಿಂತೆ ನ್ಯಾಯವಾದದ್ದೇ. ಭಾನುವಾರ ಬೆಳಿಗ್ಗೆ ಟ್ಯೂಷನ್ನು, ಮೈದಾನದಲ್ಲಿ ಕ್ರಿಕೆಟ್ಟು, ಅಂಗೈಯಲ್ಲಿ ಮೊಬೈಲು. ದೃಢೀಕರಣ ಆದ ಮೇಲೆ ಕ್ಲಾಸಿನ ಕಡೆ ತಲೆ ಹಾಕದವರೂ ಉಂಟು.

ಇದಕ್ಕೆ ನಾವು ಹಿರಿಯರು ಮಕ್ಕಳನ್ನೇ ದೂರುತ್ತೇವೆ. ಆ ದೂರು ನನಗೆ ಒಪ್ಪಿಗೆಯಿಲ್ಲ. ಹದಿನಾಲ್ಕರ ಹುಡುಗನಿಗೆ ಏಳರ ವಯಸ್ಸಿನಲ್ಲಿ ಕೇಳಿದ ದಾವೀದ ಗೊಲ್ಯಾತರ ಕಥೆಯನ್ನೇ ಮತ್ತೆ ಹೇಳಿ, ಕೊನೆಗೆ ಎಲ್ಲರಿಗೂ ಉತ್ತರ ಗೊತ್ತಿರುವ ನಾಲ್ಕು ಪ್ರಶ್ನೆ ಕೇಳಿ ಕಳಿಸಿದರೆ ಅವನು ಯಾಕೆ ಬರಬೇಕು? ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದು ನೋಡು. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಾನೆ, ತಾನೂ ಪ್ರಶ್ನೆ ಹಾಕುತ್ತಾನೆ. ಆ ಬೋಧಕರು ಅವನನ್ನು ಗದರಿಸಿ ಕಳಿಸಲಿಲ್ಲ. ನಿನ್ನ ಕ್ಲಾಸಿಗೆ ಬರುವವರದೂ ಹೆಚ್ಚುಕಡಿಮೆ ಅದೇ ವಯಸ್ಸು. ಪ್ರಶ್ನೆ ಅವರದಾಗಲಿ, ನಾನು ಹೇಳಬೇಕೆಂದಿರುವುದು ಇದೊಂದೇ.

ಪ್ರಶ್ನೆ ಹುಟ್ಟಬೇಕಾದರೆ ಕಣ್ಣೆದುರು ಏನಾದರೂ ಇರಬೇಕು. ಅದಕ್ಕೆ ನೀನು ದೂರ ಹೋಗಬೇಕಿಲ್ಲ. ನಮ್ಮ ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲೇ ಚಂದ್ರವಳ್ಳಿ ಇದೆಯಲ್ಲ. ನಮ್ಮ ಮಕ್ಕಳಿಗೆ ಅದು ಪಿಕ್ನಿಕ್ಕಿನ ಜಾಗ. ಕೆರೆ, ಅಂಕಲಿ ಮಠದ ಗುಹೆ, ನಾಲ್ಕು ಫೋಟೊ. ಅಲ್ಲಿನ ಮಣ್ಣಿನಡಿ ಶಾತವಾಹನರ ಕಾಲದ ಪಟ್ಟಣವಿತ್ತು. 1929ರ ಸುಮಾರಿಗೆ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅಲ್ಲಿ ಉತ್ಖನನ ನಡೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಔಗುಸ್ತನವು, ತಿಬೇರಿಯನವು. ಯೇಸು ಹುಟ್ಟಿದಾಗ ಆಳುತ್ತಿದ್ದವನು ಔಗುಸ್ತ. ಶಿಲುಬೆಗೇರಿದಾಗ ಚಕ್ರವರ್ತಿ ತಿಬೇರಿಯ. ಇಬ್ಬರ ಹೆಸರೂ ಸತ್ಯವೇದದಲ್ಲೇ ಇದೆ.

ಇದನ್ನು ಪಾಠ ಮಾಡಿ ಹೇಳಿಬಿಡಬೇಡ. ತಿಬೇರಿಯನ ಬೆಳ್ಳಿ ನಾಣ್ಯದ, ಅಂದರೆ ದಿನಾರಿಯ, ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಏನೂ ವಿವರಿಸದೆ ಅವರ ಕೈಗೆ ಕೊಡು. ಜೊತೆಗೆ ನಮ್ಮದೇ ಒಂದು ರೂಪಾಯಿ ನಾಣ್ಯವನ್ನೂ ಕೊಡು. ಇದರ ಮೇಲೆ ಏನಿದೆ, ಅದರ ಮೇಲೆ ಯಾರಿದ್ದಾರೆ ಎಂದಷ್ಟೇ ಕೇಳಿ ಸುಮ್ಮನಿರು. ನಮ್ಮ ನಾಣ್ಯದಲ್ಲಿ ಅಶೋಕನ ಸಿಂಹಗಳು; ಆ ಅಶೋಕನ ಶಾಸನ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೇ ಇದೆ ಎಂದು ಯಾರಾದರೂ ಹೇಳಿಯಾರು. ಇನ್ನೊಂದರಲ್ಲಿ ಎಲೆಯ ಕಿರೀಟ ತೊಟ್ಟ ರಾಜನ ತಲೆ, ಸುತ್ತ ಲ್ಯಾಟಿನ್ ಅಕ್ಷರ. ತಾನು ದೈವವಾದ ಔಗುಸ್ತನ ಮಗ ಎಂದು ಆ ಅಕ್ಷರಗಳು ಸಾರುತ್ತವೆ. ಅದನ್ನು ಓದಿ ಹೇಳಿದ ಮೇಲೆ ಮತ್ತಾಯ 22 ತೆಗೆಸು. ತೆರಿಗೆಯ ನಾಣ್ಯ ತರಿಸಿ, ಇದರ ಮೇಲಿರುವುದು ಯಾರ ತಲೆ ಎಂದು ಯೇಸುಸ್ವಾಮಿ ಕೇಳಿದ್ದು ಇಂಥದೇ ನಾಣ್ಯವನ್ನು ತೋರಿಸಿ ಇರಬೇಕೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಒಬ್ಬನೇ ದೇವರೆಂದು ನಂಬಿದ ಜನರ ಕೈಯಲ್ಲಿ, ತಾನೇ ದೇವರ ಮಗ ಎನ್ನುವ ಚಕ್ರವರ್ತಿಯ ದುಡ್ಡು! ಆ ಇಕ್ಕಟ್ಟು ಮಕ್ಕಳಿಗೆ ಅರ್ಥವಾದರೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಸರ್ಕಾರಕ್ಕೆ ಎಷ್ಟು ಕೊಡಬೇಕು, ದೇವರಿಗೆ ಎಷ್ಟು? ಲಂಚ ಕೇಳಿದರೆ ಕೊಡಬಹುದೇ? ಅಪ್ಪ ಬೇಡವೆಂದ ಓದು ಓದಬಹುದೇ? ಮತ್ತಾಯ 20ರಲ್ಲಿ ದ್ರಾಕ್ಷಿತೋಟದ ಕೂಲಿಗಳಿಗೆ ಸಿಕ್ಕಿದ ದಿನಗೂಲಿಯೂ ಇದೇ ಒಂದು ದಿನಾರಿ. ಹೊಲದ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಆ ಕಥೆ ಬೇರೆಯೇ ಆಗಿ ಕೇಳಿಸುತ್ತದೆ. ಸಂಜೆ ಬಂದವನಿಗೂ ಪೂರ್ತಿ ಕೂಲಿ ಕೊಟ್ಟದ್ದು ಅನ್ಯಾಯವೆಂದು ಒಬ್ಬ ಹುಡುಗ ಜಗಳಕ್ಕೆ ನಿಂತರೆ ತಡೆಯಬೇಡ.

ಪ್ರಶ್ನೆ ಕೇಳಿದ ಮೇಲಿನ ಮೌನ ನಿನ್ನನ್ನು ಹೆದರಿಸುತ್ತದೆ. ಹೊಸ ಟೀಚರುಗಳೆಲ್ಲ ಆ ಮೌನ ತಾಳದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಒಂದೆರಡು ಸಲ ಹಾಗಾದರೆ ಮಕ್ಕಳು ಯೋಚಿಸುವುದನ್ನೇ ಬಿಡುತ್ತಾರೆ. ಕಾಯಿ. ಹಿಂದಿನ ಬೆಂಚಿನವರು ಬಾಯಿ ಬಿಡುವುದು ತಡವಾಗಿಯೇ. ನಿನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ‘ಹಾಗೆಲ್ಲ ಕೇಳಬಾರದು’ ಎನ್ನಬೇಡ. ದೇವರು ಇದ್ದರೆ ನನ್ನ ತಂಗಿ ಯಾಕೆ ಸತ್ತಳು ಎಂದು ಕೇಳುವ ಹುಡುಗಿ ನಂಬಿಕೆ ಕಳೆದುಕೊಂಡವಳಲ್ಲ, ಹುಡುಕುತ್ತಿರುವವಳು. ಯೋಬನೂ ಹಾಗೆ ಕೇಳಿದವನೇ. ಅಂಥ ಮಾತನ್ನು ಮಾತ್ರ ಕ್ಲಾಸಿನ ಹೊರಗೆ ಒಯ್ಯಬೇಡ, ಅವರ ಮನೆಯವರ ಕಿವಿಗೂ ಹಾಕಬೇಡ. ಮಗುವಿನ ಜೀವಕ್ಕೋ ಮೈಗೋ ಅಪಾಯವಿದೆ ಎನಿಸಿದರೆ ಮಾತ್ರ ತಕ್ಷಣ ಹಿರಿಯರಿಗೆ ಹೇಳು.

ಅವರಿಗೆ ಕೆಲಸವನ್ನೂ ಕೊಡು. ಬೆಂಚು ಎತ್ತುವ, ಕಸ ಗುಡಿಸುವ ಕೆಲಸ ಅಷ್ಟೇ ಅಲ್ಲ. ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ (ವಿ.ಬಿ.ಎಸ್.) ಪಿಯುಸಿ ಹುಡುಗಿಗೆ ಚಿಕ್ಕವರ ಗುಂಪೊಂದನ್ನು ಒಪ್ಪಿಸು. ಕಲಿಸಬೇಕಾದವರು ಓದಿಕೊಂಡೇ ಬರುತ್ತಾರೆ. ಹಾಡು ಕಟ್ಟುವುದನ್ನೂ ಅವರಿಗೇ ಬಿಡು. ಕನ್ನಡ ನಿಘಂಟಿನ ಕಿಟೆಲ್ಲರು 1862ರಲ್ಲೇ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಕೂರಿಸಿ ‘ಕಥಾಮಾಲೆ’ ಬರೆದರು. ಜರ್ಮನಿಯಿಂದ ಬಂದವರಿಗೆ ಅದು ಸಾಧ್ಯವಾಯಿತು ಅಂದ ಮೇಲೆ ದುರ್ಗದಲ್ಲೇ ಹುಟ್ಟಿದ ನಮ್ಮ ಮಕ್ಕಳು ಒಂದು ಸಾಮ್ಯವನ್ನು ತಮ್ಮ ಮಾತಿನಲ್ಲಿ, ತಮ್ಮ ಧಾಟಿಯಲ್ಲಿ ಹಾಡಾಗಿ ಕಟ್ಟಲಿ. ಪ್ರಾಸ ತಪ್ಪಿದರೆ ತಪ್ಪಲಿ. ಕ್ರಿಸ್ಮಸ್ಸಿಗೆ ಸಭೆಯ ಮುಂದೆ ಅದನ್ನೇ ಹಾಡಿಸು.

ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯವರು ಸಂಡೇ ಸ್ಕೂಲು ಶುರು ಮಾಡಿದ್ದು, ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸಲಿಕ್ಕೆ. ಆ ಮಕ್ಕಳಿಗೆ ಆಗ ಬೇಕಾಗಿದ್ದದ್ದು ಅಕ್ಷರ. ನಿನ್ನ ಮಕ್ಕಳಿಗೆ ಅಕ್ಷರ ಬರುತ್ತದೆ. ಅವರ ತಲೆಯ ಮೇಲಿರುವುದು ಮಾರ್ಕ್ಸಿನ ಭಾರ, ಮನೆಯ ಸಾಲ, ಯಾರಿಗೂ ಹೇಳಲಾಗದ ಒಂಟಿತನ. ಪಾಠಕ್ಕೆ ಮೊದಲು ಹತ್ತು ನಿಮಿಷ ಈ ವಾರ ಹೇಗಿತ್ತು ಎಂದು ಕೇಳು. ಅಷ್ಟಕ್ಕೇ ಬರುವವರಿರುತ್ತಾರೆ.

ಒಂದು ದಿನ ಮಕ್ಕಳನ್ನು ಚಂದ್ರವಳ್ಳಿಗೂ ಕರೆದುಕೊಂಡು ಹೋಗು; ಬಿಸಿಲೇರುವ ಮೊದಲೇ ಹೊರಡು. ಗೈಡ್ ಇಲ್ಲದೆ ಗುಹೆಗೆ ಇಳಿಸಬೇಡ, ನೀರಿನ ಹತ್ತಿರ ಯಾರನ್ನೂ ಬಿಡಬೇಡ, ಜೊತೆಗೆ ಇಬ್ಬರು ತಾಯಂದಿರಿರಲಿ. ಕದಂಬರ ಮಯೂರಶರ್ಮನ ಬಂಡೆ ಶಾಸನವನ್ನೂ ತೋರಿಸು. ಅದರಲ್ಲಿ ಬರುವುದು ಕೆರೆಯ ಕೆಲಸದ ಮಾತು. ಮತ್ತೆ, ಎರಡು ಭಾನುವಾರ ಬರದ ಹುಡುಗನ ಮನೆಗೆ ಬುಧವಾರದೊಳಗೆ ಹೋಗಿ ಬಾ. ಯಾಕೆ ಬರಲಿಲ್ಲ ಎಂದು ಕೇಳಬೇಡ. ಅವನ ಅಮ್ಮ ಕೊಟ್ಟ ಟೀ ಕುಡಿದು, ಹೋದ ವಾರ ಕ್ಲಾಸಿನಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು ಅವನಿಗೆ ಹೇಳಿ ಬಾ.