ಅಕ್ಷರದ ನೆಲೆ ಮತ್ತು ಯಂತ್ರದ ಆಯ್ಕೆ: ಕಾಫಿ ಮಲೆನಾಡಿನಿಂದ ಕಂಡ ವಿಂಡೋಸ್–ಲಿನಕ್ಸ್ ವಾಗ್ವಾದ

ಕನ್ನಡ ಗಣಕೀಕರಣವನ್ನು ಕುರಿತ ಬರೆಹಗಳಲ್ಲಿ ಕೀಲಿಮಣೆ, ಅಕ್ಷರಶೈಲಿ, ಪಾರಿಭಾಷಿಕ ಪದಗಳ ಬಗ್ಗೆ ನಡೆದಷ್ಟು ಚರ್ಚೆ ಇವೆಲ್ಲಕ್ಕೂ ತಳಹದಿಯಾದ ಕಾರ್ಯಾಚರಣ ವ್ಯವಸ್ಥೆಯ ಬಗ್ಗೆ ನಡೆದಿಲ್ಲ. ಒತ್ತಿದ ಕೀಲಿಯನ್ನು ಗ್ರಹಿಸುವುದು, ಅದನ್ನು ಸಂಕೇತವಾಗಿ ಕಡತದಲ್ಲಿ ಇರಿಸುವುದು, ಆ ಸಂಕೇತವನ್ನು ಮತ್ತೆ ಅಕ್ಷರದ ಆಕಾರವಾಗಿ ತೆರೆಯ ಮೇಲೆ ಮೂಡಿಸುವುದು, ಈ ಮೂರು ಕೆಲಸಗಳೂ ಕೊನೆಗೆ ಈ ತಳಪದರವನ್ನೇ ಅವಲಂಬಿಸಿವೆ. ವಿಂಡೋಸ್ ಮೇಲೋ ಲಿನಕ್ಸ್ ಮೇಲೋ ಎಂಬ ವಾದವನ್ನು ಎಂಜಿನಿಯರುಗಳ ಅಭಿರುಚಿಭೇದವೆಂದು ಭಾಷಾ ವಿಭಾಗಗಳು ಪಕ್ಕಕ್ಕೆ ಸರಿಸಿದ್ದು ಸಹಜವೇ. ಆದರೆ ಆ ಉದಾಸೀನದ ಬೆಲೆಯನ್ನು ತೆತ್ತವರು ಎಂಜಿನಿಯರುಗಳಲ್ಲ, ಕನ್ನಡದ ಸಂಶೋಧಕರು.

ಈ ಪ್ರಶ್ನೆಯನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಮಲೆನಾಡಿನ ನೆಲೆಯಿಂದ ನೋಡುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007). ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಭಾಷಾಭಿಮಾನದ ವಿಷಯವಾಗಿ ನೋಡದೆ ಭಾಷೆಯ ಬಳಕೆಯ ಸಾಮರ್ಥ್ಯದ ವಿಷಯವಾಗಿ ಕೈಗೆತ್ತಿಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಎರಡನೆಯ ಕಾರಣ ಈ ಪ್ರದೇಶದ ಸ್ಥಿತಿಗತಿ. ಮಳೆಗಾಲದಲ್ಲಿ ವಿದ್ಯುತ್ತೂ ದೂರವಾಣಿಯೂ ಕೈಕೊಡುವ ಊರಿನಲ್ಲಿ ಒಂದು ವ್ಯವಸ್ಥೆಯ ಗುಣದೋಷಗಳು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕಾಣುವುದಕ್ಕಿಂತ ಬೇರೆಯಾಗಿಯೇ ಕಾಣುತ್ತವೆ.

ಕಳಸ ಎಂಬ ಮೂರಕ್ಷರ

ವಾದದ ತಿರುಳನ್ನು ಒಂದು ಊರಿನ ಹೆಸರಿನಿಂದಲೇ ವಿವರಿಸಬಹುದು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳ ಬಳಕೆಗೆ ಬಂದಿತು. ಇವೆರಡರ 8 ಬಿಟ್ ಅಕ್ಷರವಿನ್ಯಾಸ ಬಹುಮಟ್ಟಿಗೆ ಒಂದೇ. ಈ ವಿನ್ಯಾಸದಲ್ಲಿ 'ಕಳಸ' ಎಂದು ಬೆರಳಚ್ಚು ಮಾಡಿದರೆ ಕಡತದಲ್ಲಿ ಉಳಿಯುವುದು ಮೂರು ಅಕ್ಷರಗಳಲ್ಲ, ಆರು ಸಂಕೇತಗಳು. 'ಕ'ದ ಒಡಲು ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದ ಜಾಗದಲ್ಲಿ, 'ಳ'ದ ಒಡಲು ಕಾಲು ಭಾಗವನ್ನು ಸೂಚಿಸುವ ಗಣಿತಚಿಹ್ನೆಯ ಜಾಗದಲ್ಲಿ, 'ಸ'ದ ಒಡಲು ಫ್ರೆಂಚ್ ಬರವಣಿಗೆಯ ಒಂದು ಕೆಳಚಿಹ್ನೆಯ ಜಾಗದಲ್ಲಿ ಕುಳಿತಿರುತ್ತವೆ. ಪ್ರತಿಯೊಂದರ ಮುಂದೆಯೂ ತಲೆಕಟ್ಟಿಗೆಂದು ಮತ್ತೊಂದು ಸಂಕೇತ. ಕನ್ನಡವೆನ್ನುವುದು ಇಲ್ಲಿ ಕಡತದಲ್ಲಿಲ್ಲ, ಅಕ್ಷರಶೈಲಿಯ ಹೊದಿಕೆಯಲ್ಲಿದೆ. ಹೊದಿಕೆ ಇಲ್ಲದ ಯಂತ್ರದಲ್ಲಿ ತೆರೆದರೆ ಕಳಸವೂ ಇಲ್ಲ, ಕಳಸೇಶ್ವರನೂ ಇಲ್ಲ.

'ಮೂಡಿಗೆರೆ'ಯ ಸ್ಥಿತಿ ಇನ್ನೂ ವಿಚಿತ್ರವಾದುದು. ಇದೇ ವಿನ್ಯಾಸದಲ್ಲಿ 'ಮ' ಎಂಬುದಕ್ಕೆ ಸ್ವತಂತ್ರ ಸ್ಥಾನವಿಲ್ಲ. ವಕಾರದ ಆಕಾರಕ್ಕೆ ಒಂದು ಬಾಲವನ್ನು ಸೇರಿಸಿ ಅದನ್ನು ಮೂಡಿಸಲಾಗುತ್ತದೆ. ಲಿಪಿಯ ದೃಷ್ಟಿಯಿಂದ ಇದು ಜಾಣ್ಮೆಯ ಉಪಾಯವೇ. 256 ಸ್ಥಾನಗಳಲ್ಲಿ ಕನ್ನಡದ ಎಲ್ಲ ಗುಣಿತ, ಒತ್ತಕ್ಷರಗಳನ್ನು ತುರುಕಬೇಕಾದಾಗ ಬೇರೆ ದಾರಿಯೂ ಕಡಿಮೆ. ಆದರೆ ಪಠ್ಯದಲ್ಲಿ ವಕಾರವನ್ನು ಹುಡುಕಲು ಹೊರಟರೆ ಮಕಾರವೂ ಬಲೆಗೆ ಬೀಳುತ್ತದೆ. 'ಡಿ' ಒಂದೇ ಸಂಕೇತವಾಗಿದ್ದು 'ಡ'ದೊಡನೆ ಅದಕ್ಕೆ ಯಾವ ಸಂಬಂಧವೂ ಇಲ್ಲವಾದ್ದರಿಂದ ಡಕಾರದ ಹುಡುಕಾಟಕ್ಕೆ ಮೂಡಿಗೆರೆ ಸಿಗುವುದೇ ಇಲ್ಲ. ಅಕಾರಾದಿ ಜೋಡಣೆಯಂತೂ ಇಂಗ್ಲಿಷ್ ಸಂಕೇತಗಳ ಕ್ರಮದಲ್ಲಿ ನಡೆಯುತ್ತದೆ. ಪದಕೋಶ, ಪದಪ್ರಯೋಗಕೋಶ, ಆಡುನುಡಿಯ ಸಂಗ್ರಹಗಳಲ್ಲಿ ತೊಡಗಿದವರಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಅದರಲ್ಲಿ 'ಕಳಸ' ಮೂರೇ ಸಂಕೇತ: ಕ, ಳ, ಸ. ಒತ್ತು, ಅರ್ಕಾವೊತ್ತು, ಗುಣಿತಗಳ ಆಕಾರವನ್ನು ಕಟ್ಟಿಕೊಡುವ ಹೊಣೆ ಕಾರ್ಯಾಚರಣ ವ್ಯವಸ್ಥೆಗೆ ಸೇರುತ್ತದೆ. ಹಾಗಾಗಿ ಯಾವ ವ್ಯವಸ್ಥೆ ಮೇಲು ಎಂಬ ಪ್ರಶ್ನೆ ಕನ್ನಡದ ಮಟ್ಟಿಗೆ ಆ ಹೊಣೆಯನ್ನು ಯಾರು, ಹೇಗೆ ಹೊತ್ತರು ಎಂಬ ಪ್ರಶ್ನೆಯಾಗಿ ಮಾರ್ಪಡುತ್ತದೆ.

ಎರಡು ಪಕ್ಷಗಳು

ವಿಂಡೋಸನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ ವಾದ ಮುಗಿಸುವುದು ಸುಲಭ, ಅದು ಸತ್ಯವಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡವೂ 'ತುಂಗಾ' ಎಂಬ ಅಕ್ಷರಶೈಲಿಯೂ ಇದ್ದವು. ಆದರೆ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಬಳಕೆದಾರನೇ ಸ್ಥಾಪನಾ ಸಿ.ಡಿ.ಯಿಂದ ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. ಅಂಗಡಿಯವನು ನಕಲು ಹಾಕಿಕೊಟ್ಟ ವ್ಯವಸ್ಥೆಯನ್ನು ಬಳಸುವವನ ಬಳಿ ಆ ಸಿ.ಡಿ. ಇರುವ ಸಂಭವ ಕಡಿಮೆ. ಇನ್ನೊಂದೆಡೆ ಮುದ್ರಣಾಲಯಗಳು ನೆಚ್ಚಿದ್ದ ಪೇಜ್‌ಮೇಕರ್ ಯುನಿಕೋಡನ್ನು ಅರಿಯದ ತಂತ್ರಾಂಶವಾಗಿತ್ತು. ಪುಸ್ತಕ ಅಚ್ಚಾಗಬೇಕಾದರೆ 8 ಬಿಟ್ ಅಕ್ಷರವೇ ಬೇಕು; ಆ ಅಕ್ಷರವನ್ನು ಮೂಡಿಸುವ ಕೀಲಿಮಣೆ ತಂತ್ರಾಂಶ ವಿಂಡೋಸಿನ ಒಳರಚನೆಗೆ ಹೆಣೆದುಕೊಂಡದ್ದು. ಹೀಗೆ ಯುನಿಕೋಡ್ ಕೈಯಳತೆಯಲ್ಲಿದ್ದರೂ ಕನ್ನಡದ ಬಳಕೆದಾರ ಹಳೆಯ ಪದ್ಧತಿಯಲ್ಲೇ ಉಳಿದ. ವಿಂಡೋಸಿನ ನಿಜವಾದ ದೋಷವಿದ್ದುದು ಇದರಾಚೆಗೆ: ಅಕ್ಷರಜೋಡಣೆಯಲ್ಲಿ ತಪ್ಪು ಕಂಡರೆ ಕನ್ನಡದ ವಿದ್ವಾಂಸ ಅದನ್ನು ತಿದ್ದುವಂತಿರಲಿಲ್ಲ. ಕಂಪನಿಯ ಮುಂದಿನ ಆವೃತ್ತಿಗೆ ಕಾಯಬೇಕಿತ್ತು.

ಲಿನಕ್ಸ್ ಪಕ್ಷದ ಬಲವೂ ಇಲ್ಲಿಯೇ ಇದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಹಾಗೂ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ತಿರುಳು ಕೂಡಿ ಆದ ಈ ವ್ಯವಸ್ಥೆಯ ಮೂಲಪಾಠ ಎಲ್ಲರಿಗೂ ತೆರೆದದ್ದು. (ಇಂಗ್ಲಿಷಿನ ಒಂದೇ ಪದ ಹುಟ್ಟಿಸುವ ಗೊಂದಲ ಕನ್ನಡಕ್ಕಿಲ್ಲ, 'ಉಚಿತ' ಬೇರೆ, 'ಮುಕ್ತ' ಬೇರೆ.) 2002ರ ರೆಡ್ ಹ್ಯಾಟ್ 8.0 ಯುನಿಕೋಡ್ ಸಂಕೇತವನ್ನೇ ಸಹಜ ಸ್ಥಿತಿಯಾಗಿ ಸ್ವೀಕರಿಸಿತು. ಡೆಬಿಯನ್ ವಿತರಣೆಯ ಅಕ್ಷರಶೈಲಿಗಳ ಕಟ್ಟಿನಲ್ಲಿ 'ಕೇದಗೆ', 'ಮಲ್ಲಿಗೆ'ಗಳು ಸೇರಿದವು. ಕೆ. ಪಿ. ರಾವ್ ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ಲಿನಕ್ಸಿನಲ್ಲಿಯೂ ದೊರೆಯುವಂತಾಯಿತು. ಸ್ವಯಂಸೇವಕರು ಮೆನುಗಳನ್ನೂ ಸಂದೇಶಗಳನ್ನೂ ಕನ್ನಡಕ್ಕೆ ತಂದರು. ಆಡಳಿತ ಕನ್ನಡದಿಂದ ಅವರು ಎತ್ತಿಕೊಂಡ 'ಕಡತ' ಎಂಬ ಪದದ ಹಳೆಯ ನೆಲೆಗಳಲ್ಲೊಂದು ಇದೇ ಜಿಲ್ಲೆಯ ಶೃಂಗೇರಿ. ಮಠದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದುದು ಕಪ್ಪು ಲೇಪದ ಬಟ್ಟೆಯ ಮಡಿಕೆಗಳ ಮೇಲೆ, ಬಳಪದಿಂದ, ಅವೇ ಕಡತಗಳು.

ಆದರೆ ಲಿನಕ್ಸಿನ ಕನ್ನಡ ಆ ವರ್ಷಗಳಲ್ಲಿ ನಿರ್ದುಷ್ಟವಾಗಿರಲಿಲ್ಲ. ಒಂದೇ ಯಂತ್ರದಲ್ಲಿ ಗ್ನೋಮ್ ಒಂದು ಜೋಡಣಾ ತಂತ್ರಾಂಶವನ್ನೂ ಕೆಡಿಇ ಇನ್ನೊಂದನ್ನೂ ಓಪನ್ ಆಫೀಸ್ ಮತ್ತೊಂದನ್ನೂ ನೆಚ್ಚಿಕೊಂಡಿದ್ದುದರಿಂದ ಒಂದೇ ಪದ ಒಂದೆಡೆ ಸರಿಯಾಗಿಯೂ ಇನ್ನೊಂದೆಡೆ ಒತ್ತು ಕಳಚಿಯೂ ಕಾಣುವ ಪ್ರಸಂಗಗಳಿದ್ದವು. ತಿದ್ದುವ ಹಕ್ಕು ಎಲ್ಲರಿಗೂ ಇತ್ತು. ತಿದ್ದಬಲ್ಲ ಕನ್ನಡಿಗರು ಬೆರಳೆಣಿಕೆಯಷ್ಟು. ಮುಕ್ತ ತಂತ್ರಾಂಶದ ಪ್ರತಿಪಾದಕರು ಈ ಅಂತರವನ್ನು ಲಘುವಾಗಿ ಕಂಡರೆಂದೇ ಹೇಳಬೇಕಾಗುತ್ತದೆ.

ಘಟ್ಟದ ಮೇಲಿನ ಲೆಕ್ಕ

ಇದೇ ತಕ್ಕಡಿಯನ್ನು ಕಾಫಿ ತೋಟದ ಆಫೀಸಿಗೆ ತಂದರೆ ತೂಕ ಬದಲಾಗುತ್ತದೆ. ಲಿನಕ್ಸಿಗೆ ಬೆಲೆಯಿಲ್ಲ ಎಂಬ ಮಾತು ನಿಜ. ಆದರೆ ಅದನ್ನು ತರಿಸಿಕೊಳ್ಳುವುದು ಹೇಗೆ? 700 ಮೆಗಾಬೈಟಿನ ಒಂದು ಸಿ.ಡಿ.ಯನ್ನು 56 ಕಿಲೋಬಿಟ್ ವೇಗದ ದೂರವಾಣಿ ಸಂಪರ್ಕದಲ್ಲಿ ಇಳಿಸಿಕೊಳ್ಳಲು ತಂತಿ ಒಮ್ಮೆಯೂ ಕಡಿಯದಿದ್ದರೂ ಸುಮಾರು 29 ಗಂಟೆ ಬೇಕು. ಆಷಾಢದ ಮಳೆಯಲ್ಲಿ ಅಷ್ಟು ಹೊತ್ತು ತಂತಿ ಉಳಿಯುವುದೆಂದು ನಂಬುವವರು ಘಟ್ಟದಲ್ಲಿ ಸಿಗಲಾರರು. ಸಾಲದ್ದಕ್ಕೆ ಆಗಿನ ಅಗ್ಗದ ಒಳ ಮೋಡೆಮ್‌ಗಳು ವಿಂಡೋಸಿನ ಚಾಲಕ ತಂತ್ರಾಂಶವಿಲ್ಲದೆ ಕೆಲಸ ಮಾಡುತ್ತಿರಲಿಲ್ಲ. ಎಂದರೆ ಲಿನಕ್ಸನ್ನು ತರಿಸಲು ವಿಂಡೋಸ್ ಬೇಕು, ಸ್ಥಾಪಿಸಿದ ಮೇಲೆ ಅಂತರಜಾಲವೇ ಇಲ್ಲ. ಉಬುಂಟು ವಿತರಕರು 2005ರಿಂದ 2011ರವರೆಗೆ ಕೇಳಿದವರಿಗೆ ಸಿ.ಡಿ.ಗಳನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿದ್ದುದು ಇಂಥ ಊರುಗಳಿಗೆ ದೊಡ್ಡ ಉಪಕಾರ. 'ಅಬಚೂರಿನ ಪೋಸ್ಟಾಫೀಸು' ಬರೆದವರ ನಾಡಿನಲ್ಲಿ ಹೊಸ ತಂತ್ರಜ್ಞಾನಕ್ಕೂ ಅಂಚೆಯಣ್ಣನೇ ಗತಿಯಾದದ್ದು ಗಮನಾರ್ಹ.

ತೋಟದ ರೈಟರು ಚೆಕ್‌ರೋಲನ್ನು ಗಣಕಕ್ಕೆ ಏರಿಸುವಾಗ ಅವನಿಗೆ ಬೇಕಾದುದು ಆಳುಗಳ ಹೆಸರು ಕನ್ನಡದಲ್ಲಿ ಬರುವುದು, ಮುದ್ರಕ ಕೆಲಸ ಮಾಡುವುದು, ಕೆಟ್ಟರೆ ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ಸರಿಮಾಡುವವನೊಬ್ಬ ಸಿಗುವುದು. ಈ ಮೂರರಲ್ಲೂ ಆಗ ವಿಂಡೋಸೇ ಮುಂದು. ಆ ಆಯ್ಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಆದರೆ ಚೆಕ್‌ರೋಲಿನ ಆಯುಸ್ಸು ಒಂದು ವರ್ಷ. ಸಂಶೋಧನ ಪಠ್ಯದ ಆಯುಸ್ಸು ಹಾಗಲ್ಲ. ರೈಟರಿಗೆ ಸರಿಯಾದ ಆಯ್ಕೆ ವಿಶ್ವವಿದ್ಯಾಲಯದ ವಿಭಾಗಕ್ಕೂ ಸರಿಯಾಗಬೇಕಿಲ್ಲ. ಈ ಭೇದವನ್ನು ವಿಭಾಗಗಳು ಮಾಡಿಕೊಳ್ಳಲಿಲ್ಲ.

ತೇಜಸ್ವಿಯವರ ಆಸಕ್ತಿಯ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಮಿಲೇನಿಯಂ ಸರಣಿಯ ಮೂಲಕ ಲೋಕಜ್ಞಾನವನ್ನು ಕನ್ನಡಕ್ಕೆ ತಂದ ಲೇಖಕನಿಗೆ ಆ ಜ್ಞಾನ ಯಾವ ಪಾತ್ರೆಯಲ್ಲಿ ಉಳಿಯುತ್ತದೆ ಎಂಬುದೂ ಸಾಹಿತ್ಯದ ಪ್ರಶ್ನೆಯೇ ಆಗಿತ್ತು. ಕನ್ನಡ ತಂತ್ರಾಂಶದ ಕೆಲಸಕ್ಕೆ ಭಾಷಾ ವಿಶ್ವವಿದ್ಯಾಲಯವೊಂದು ಕೈಹಾಕಬೇಕೆಂಬ ಒತ್ತಾಸೆಯಲ್ಲಿ ತಂತ್ರಜ್ಞರಿಗೆ ಮಾತ್ರ ಬಿಡಬಾರದ ವಿಷಯವಿದು ಎಂಬ ನಿಲುವು ಅಡಗಿದೆ. ಮುಂದೆ ಸರ್ಕಾರದ ಕನ್ನಡ ತಂತ್ರಾಂಶ ಸಮಿತಿಯ ನೇತೃತ್ವ ವಹಿಸಿದ ಡಾ. ಕೆ. ಚಿದಾನಂದಗೌಡರು ಅದೇ ಕುವೆಂಪು ಕುಟುಂಬದವರು ಎಂಬುದು ಆಕಸ್ಮಿಕವಿರಬಹುದು. ಸಾಹಿತ್ಯ ಮತ್ತು ಗಣಕಗಳ ನಡುವಿನ ಗೋಡೆ ಆ ಮನೆಯಲ್ಲಿ ಎತ್ತರವಾಗಿರಲಿಲ್ಲ.

ಉಳಿದ ಕಡತಗಳು

ಇಂದು ವಾದದ ಕಾವು ತಗ್ಗಿದೆ. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರಲ್ಲಿಯೂ ವಿಂಡೋಸ್ 10ಕ್ಕೆ 2025ರಲ್ಲಿಯೂ ಮುಗಿಯಿತು. 2012ರ ವಿಂಡೋಸ್ 8ರಿಂದ 'ನಿರ್ಮಲ' ಅಕ್ಷರಶೈಲಿ ಕನ್ನಡವನ್ನು ಓದಲು ಹಿತವಾಗಿಸಿತು. ಆಪಲ್ ಗಣಕಗಳಿಗೆ ಕನ್ನಡ ಅಕ್ಷರಶೈಲಿಗಳು 2011ರ ಲಯನ್ ಆವೃತ್ತಿಯೊಡನೆ ಬಂದವು. ಲಿನಕ್ಸ್ ಬಳಗದಲ್ಲಿ ಬೆಳೆದ ಹಾರ್ಫ್‌ಬಝ್ ಎಂಬ ಜೋಡಣಾ ತಂತ್ರಾಂಶವೇ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವನ್ನು ಮೂಡಿಸುತ್ತಿದೆ. ವಿಂಡೋಸ್ ಬಿಟ್ಟು ಬೇರೇನನ್ನೂ ಬಳಸಿಲ್ಲವೆನ್ನುವ ಅಧ್ಯಾಪಕರ ಜೇಬಿನಲ್ಲೂ ಲಿನಕ್ಸ್ ತಿರುಳಿನ ಯಂತ್ರವಿರುವ ಸಂಭವವೇ ಹೆಚ್ಚು.

ಆದರೆ ನಡುವಿನ ವರ್ಷಗಳ ಪಠ್ಯ ಹಳೆಯ ಹೊದಿಕೆಯಲ್ಲೇ ಇದೆ. 2009ರ ಯುಜಿಸಿ ನಿಯಮದ ತರುವಾಯ ಮಹಾಪ್ರಬಂಧಗಳು ಶೋಧಗಂಗಾ ಭಂಡಾರಕ್ಕೆ ಸೇರತೊಡಗಿದವು. 8 ಬಿಟ್ ಅಕ್ಷರದಲ್ಲಿ ಸಿದ್ಧವಾದ ಪ್ರಬಂಧ ಕಣ್ಣಿಗೆ ಕನ್ನಡವಾಗಿಯೇ ಕಂಡರೂ ಅದರೊಳಗೆ ಕನ್ನಡ ಪದವೊಂದನ್ನು ಹುಡುಕಿದರೆ ಸಿಗುವುದಿಲ್ಲ. ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಅವುಗಳ ಫಲಿತವನ್ನು ಕಣ್ಣುಮುಚ್ಚಿ ಒಪ್ಪುವುದು ಅಪಾಯಕರ. 'ರ‍್ಯಾಂಕ್' ಎಂಬಲ್ಲಿ ರಕಾರವನ್ನು ಇಡಿಯಾಗಿ ಉಳಿಸಲು ಕಾಣದ ಒಂದು ಜೋಡುಚಿಹ್ನೆ ಬೇಕು. ಅದು ಕಳೆದರೆ ಪದ ಅರ್ಕಾವೊತ್ತಿಗೆ ತಿರುಗಿ 'ರ್ಯಾಂಕ್' ಆಗುತ್ತದೆ. 'ಸಾಫ್ಟ್‌ವೇರ್' ಎಂಬಲ್ಲಿ ಇದಕ್ಕೆ ವಿರುದ್ಧವಾದ ಬಿಡಿಚಿಹ್ನೆ ಬೇಕು.

ಶಾಸನಪಾಠಗಳ ವಿಷಯ ಇನ್ನೂ ಸೂಕ್ಷ್ಮ. ಬಿ. ಎಲ್. ರೈಸ್ 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯದು. ಈ ಮಲೆನಾಡಿನ ಶಾಸನಗಳು ಅದರಲ್ಲಿವೆ. ಹಳಗನ್ನಡದ ಶಾಸನವೊಂದನ್ನು ೞಕಾರ, ಱಕಾರಗಳಿಗೆ ಸ್ಥಾನವಿಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದವರು ಳ, ರಗಳನ್ನೇ ಬಳಸಿದ್ದರೆ ಯಾವ ಪರಿವರ್ತಕವೂ ಅವನ್ನು ಮರಳಿ ತಂದುಕೊಡಲಾರದು. ಮೂಲಸಂಪುಟವನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಒಪ್ಪನೋಡಬೇಕು. ಯುನಿಕೋಡಿನಲ್ಲಿ ೞಕಾರಕ್ಕೆ ಸ್ಥಾನವಿದೆ. ಆದರೆ ಅದರ ಅಧಿಕೃತ ಹೆಸರು ತಪ್ಪಾಗಿ 'ಫ' ಎಂದು ದಾಖಲಾಗಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಹಾಗೆಯೇ ಉಳಿದಿದೆ. ಹೆಸರನ್ನು ನಂಬಿ ಅಕ್ಷರವನ್ನು ಹುಡುಕುವವರಿಗೆ ಅದು ಸಿಗುವುದಿಲ್ಲ. ಪರಿವರ್ತನೆ ಮುಗಿದ ಮೇಲೂ ಮೂಲ ಕಡತವನ್ನು ಅದರ ಅಕ್ಷರಶೈಲಿಯ ಸಮೇತ ಉಳಿಸಿಕೊಳ್ಳಬೇಕು. ಹೊಸ ಪಾಠದಲ್ಲಿ ಅನುಮಾನ ಬಂದ ದಿನ ಆ ಬೆರಳಚ್ಚಿನಲ್ಲಿ ಏನಿತ್ತೆಂಬುದಕ್ಕೆ ಅದೊಂದೇ ಸಾಕ್ಷಿ.