ಹಾಲ್‌ನಲ್ಲೇ ಆಡಿ, ಯಾರನ್ನೂ ಔಟ್ ಮಾಡಬೇಡಿ

ಆಷಾಢ ಕಳೆದು ಶ್ರಾವಣ ಬಂತೆಂದರೆ ಶಿವಮೊಗ್ಗದ ಸವಳಂಗ ರಸ್ತೆಯ ಆಚೀಚಿನ ಬಡಾವಣೆಗಳಲ್ಲಿ ಗೃಹಪ್ರವೇಶ, ಸೀಮಂತ, ನಾಮಕರಣ ಒಂದರ ಹಿಂದೊಂದು. ಮಳೆ ಮಾತ್ರ ಬಿಟ್ಟಿರುವುದಿಲ್ಲ. ಟೆರೇಸಿನ ಮೇಲೆ ಶಾಮಿಯಾನ ಹಾಕಿಸಿದರೂ ಎರಚಲು ತಪ್ಪದು. ಭದ್ರಾವತಿಯಿಂದ, ಶಿಕಾರಿಪುರದಿಂದ ಬಂದ ನೆಂಟರೆಲ್ಲ 30×40 ಸೈಟಿನ ಮನೆಯ ಹಾಲ್‌ನಲ್ಲೇ ಕೂರಬೇಕು. ಊಟಕ್ಕಿನ್ನೂ ಎರಡು ಗಂಟೆ ಇದೆ ಎನ್ನುವಾಗ ಯಾರೋ ‘ಏನಾದ್ರೂ ಆಟ ಆಡ್ಸಿ’ ಎನ್ನುತ್ತಾರೆ. ಆಗ ಹೊರಬರುವುದು ಪ್ಲಾಸ್ಟಿಕ್ ಕುರ್ಚಿಗಳು. ಎಡವಟ್ಟು ಶುರುವಾಗುವುದೂ ಅಲ್ಲೇ.

ಕುರ್ಚಿ ಆಟದ ಲೆಕ್ಕ

ಸಂಗೀತ ಕುರ್ಚಿಗೆ 12 ಜನ ನಿಂತರೆ 11 ಸುತ್ತು ಆಗಬೇಕು. ಹಾಡು ಹಾಕುವುದು, ನಿಲ್ಲಿಸುವುದು, ‘ನಾನೇ ಮೊದಲು ಕೂತಿದ್ದು’ ಎಂಬ ಜಗಳ, ಕುರ್ಚಿ ತೆಗೆಯುವುದು ಎಲ್ಲ ಸೇರಿ ಸುತ್ತಿಗೆ ಎರಡು ನಿಮಿಷ ಹಿಡಿಯಿರಿ. ಮೊದಲು ಔಟಾದವರು 20 ನಿಮಿಷ ಗೋಡೆಗೊರಗಿ ಕೂರಬೇಕು. ಮೊದಲು ಔಟಾಗುವವರು ಯಾರು? ಐದು ವರ್ಷದ ಮಗು, ಮಂಡಿನೋವಿನ ದೊಡ್ಡಮ್ಮ, ನೂಕಾಡಲು ನಾಚುವ ಹೊಸ ಸೊಸೆ. ಯಾರಿಗಾಗಿ ಆಟ ಇಟ್ಟೆವೋ ಅವರೇ ಹೊರಗೆ. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಔಟಾದವರ ಕೈಗೆ ಮೊಬೈಲ್ ಬಂದಿರುತ್ತದೆ. ಒಮ್ಮೆ ಅದನ್ನು ಹಿಡಿದವರನ್ನು ಮುಂದಿನ ಆಟಕ್ಕೆ ಎಬ್ಬಿಸಲು ಬ್ರಹ್ಮನಿಂದಲೂ ಆಗದು. ಕೊನೆಯ ಕುರ್ಚಿಗೆ ಇಬ್ಬರು ಗಟ್ಟಿಗ ಹುಡುಗರು ಹೊಡೆದಾಡುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ.

ಆಟ ಬಿಡಬೇಕಿಲ್ಲ, ನಿಯಮ ಬದಲಿಸಿ. ಔಟ್ ಬದಲು ಗೆರೆ. 12 ಜನಕ್ಕೆ 11 ಕುರ್ಚಿ ಕೊನೆಯವರೆಗೂ ಹಾಗೇ ಇರಲಿ. ಕುರ್ಚಿ ಸಿಗದವರ ಹೆಸರಿನ ಮುಂದೆ ಒಂದು ಗೆರೆ ಎಳೆಯಿರಿ. ಅವರು ಮತ್ತೆ ಆಟಕ್ಕೆ ಬರಲಿ. ಆರು ಸುತ್ತಿಗೆ ಮುಗಿಸಿ, ಗೆರೆ ಬೀಳದವರೆಲ್ಲ ಗೆದ್ದಂತೆ. ಒಂದು ಎಚ್ಚರಿಕೆ: ಮಳೆಯಲ್ಲಿ ಬಂದವರ ಪಾದ ಒದ್ದೆ, ಟೈಲ್ಸ್ ನುಣುಪು. ನೆಲ ಒರೆಸಿ, ಸಾಕ್ಸ್ ಬಿಚ್ಚಿಸಿ. ನನ್ನನ್ನು ಕೇಳಿದರೆ ಮಳೆಗಾಲದಲ್ಲಿ ಓಡಾಡುವ ಆಟವೇ ಬೇಡ. ಕೂತಲ್ಲೇ ಆಡುವ ಆಟಗಳು ಇಲ್ಲಿವೆ. ಈ ಕ್ರಮದಲ್ಲೇ ಆಡಿಸಿ.

1. ತಂಡ

ಬಾಗಿಲಲ್ಲೇ ಒಂದು ಮುಚ್ಚಿದ ಡಬ್ಬಿ ಇಡಿ. ಒಳಗೆ ಅರ್ಧ ಅಡಿಕೆ, ಅರ್ಧ ಏಲಕ್ಕಿ. ಬಂದವರು ನೋಡದೆ ಒಂದೊಂದು ಕಾಗದದ ಪೊಟ್ಟಣ ಎತ್ತಿಕೊಳ್ಳಲಿ. ಅಡಿಕೆ ಬಂದವರದು ಒಂದು ತಂಡ, ಏಲಕ್ಕಿಯವರದು ಇನ್ನೊಂದು. ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಮಾತ್ರ ಎಂದೂ ತಂಡ ಕಟ್ಟಬೇಡಿ. ನಗುತ್ತಲೇ ಶುರುವಾದದ್ದು ಮದುವೆಯ ಹಳೇ ಲೆಕ್ಕಗಳಿಗೆ ಹೋಗಿ ನಿಲ್ಲುತ್ತದೆ.

2. ನೆನಪಿನ ತಟ್ಟೆ

ದೊಡ್ಡ ಹರಿವಾಣದಲ್ಲಿ 20 ಸಾಮಾನು ಜೋಡಿಸಿ: ಲವಂಗ, ಬೀಗದ ಕೈ, ಗುಂಡಿ, ಬಳೆ, ಊದುಬತ್ತಿ, ಬಸ್ ಟಿಕೆಟ್, ಹೀಗೆ. ಒಂದು ನಿಮಿಷ ತೋರಿಸಿ ಬಟ್ಟೆ ಮುಚ್ಚಿ. ಎರಡು ನಿಮಿಷದಲ್ಲಿ ತಂಡದವರೆಲ್ಲ ಸೇರಿ ಒಂದೇ ಪಟ್ಟಿ ಬರೆಯಲಿ. ಎರಡನೇ ಸುತ್ತಿನಲ್ಲಿ ಮೂರು ಸಾಮಾನು ತೆಗೆದು, ಏನು ಕಾಣೆಯಾಗಿದೆ ಎಂದು ಕೇಳಿ. ಕಾಲೇಜು ಹುಡುಗರಿಗಿಂತ ಅಜ್ಜಿಯರು ಮುಂದಿರುವುದನ್ನು ನೋಡುವಿರಿ.

3. ಪೊಟ್ಟಣದ ಆಟ

ವೃತ್ತದಲ್ಲಿ ಕೂತು ಪೊಟ್ಟಣ ದಾಟಿಸುವುದು ಎಲ್ಲರಿಗೂ ಗೊತ್ತು. ಹಾಡು ನಿಂತಾಗ ಪೊಟ್ಟಣ ಹಿಡಿದವರು ಚೀಟಿ ಎತ್ತಿ, ಅದರಲ್ಲಿದ್ದಂತೆ ಮಾಡಿ, ಆಟದಲ್ಲೇ ಉಳಿಯಬೇಕು. ಚೀಟಿ ಬರೆಯುವವರು ಜಾಣರಾಗಿರಲಿ. ‘ಡಾನ್ಸ್ ಮಾಡಿ’, ‘ಹೆಂಡತಿಗೆ ಪ್ರಪೋಸ್ ಮಾಡಿ’ ಎಂಬ ಚೀಟಿ ಮಾವನವರ ಎದುರು ಕೂತ ಸೊಸೆಗೆ ಶಿಕ್ಷೆ. ಬಣ್ಣ, ದಪ್ಪ, ಸಂಬಳದ ಸುದ್ದಿ ಬೇಡವೇ ಬೇಡ. ಇಂಥವು ಸಾಕು: ‘ಉಷಾ ನರ್ಸಿಂಗ್ ಹೋಂ ಸರ್ಕಲ್‌ನಿಂದ ನವುಲೆ ತನಕ ರಸ್ತೆ ಬದಿಯ ಐದು ಬೋರ್ಡುಗಳನ್ನು ಸಾಲಾಗಿ ಹೇಳಿ’, ‘ಶಿವಮೊಗ್ಗದಿಂದ ಬೀರೂರಿಗೆ ರೈಲು ಎಲ್ಲೆಲ್ಲಿ ನಿಲ್ಲುತ್ತದೆ?’, ‘ಎಡಗಡೆ ಕೂತವರ ಕೈಯಡುಗೆಯಲ್ಲಿ ನಿಮಗೆ ಯಾವುದಿಷ್ಟ?’ ದಿನಾ ಓಡಾಡುವ ರಸ್ತೆಯ ಬೋರ್ಡು ನೆನಪಾಗದೆ ತಡಬಡಾಯಿಸುವಾಗ ಹಾಲ್ ಪೂರ್ತಿ ಉತ್ತರ ಕೂಗುತ್ತದೆ.

4. ಮೂಕಾಭಿನಯ

ಸಿನಿಮಾ ಹೆಸರು ಕೊಟ್ಟರೆ ಅಜ್ಜನಿಗೆ ಹೊಸದು ಗೊತ್ತಿಲ್ಲ, ಮೊಮ್ಮಗನಿಗೆ ಹಳೆಯದು ಗೊತ್ತಿಲ್ಲ. ಜಿಲ್ಲೆಯ ಜಾಗಗಳನ್ನು ಕೊಡಿ: ಸಕ್ರೆಬೈಲಿನ ಆನೆ ಬಿಡಾರ, ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ, ಮಂಡಗದ್ದೆಯ ಹಕ್ಕಿಗಳು, ತುಂಗೆ–ಭದ್ರೆ ಕೂಡುವ ಕೂಡ್ಲಿ, ಜೋಗ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಒಬ್ಬರಿಗೆ ಒಂದು ನಿಮಿಷ. ಒಬ್ಬರೇ ಎದ್ದು ನಿಲ್ಲಲು ಸಂಕೋಚವಾದರೆ ಇಬ್ಬರು ಹೋಗಲಿ.

5. ಅಂತ್ಯಾಕ್ಷರಿ

ಜಗಳ ಬರುವುದೇ ಅಕ್ಷರದ ಮೇಲೆ. ಶುರುವಿಗೆ ಮೊದಲೇ ಸಾರಿಬಿಡಿ: ಪಲ್ಲವಿಯಷ್ಟೇ ಹಾಡಬೇಕು, ಕೊನೆಯ ಅಕ್ಷರದ ಸ್ವರ ಲೆಕ್ಕಕ್ಕಿಲ್ಲ, ವ್ಯಂಜನ ಸಾಕು, ಒತ್ತಕ್ಷರ ಬಂದರೆ ಮೊದಲ ವ್ಯಂಜನ, ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’. 20 ಸೆಕೆಂಡಿನಲ್ಲಿ ಹಾಡದಿದ್ದರೆ ಎದುರಿನವರಿಗೆ ಒಂದು ಅಂಕ. ಭಾವಗೀತೆ, ದಾಸರ ಪದ, ಸೋಬಾನೆ ಪದಕ್ಕೂ ಅವಕಾಶ ಇರಲಿ. ಇಲ್ಲದಿದ್ದರೆ ಹಿರಿಯರು ಬರೀ ತಾಳ ಹಾಕುತ್ತಾ ಕೂರಬೇಕಾಗುತ್ತದೆ.

6. ಹೌಸಿ

ಟಿಕೆಟ್‌ನ ಮೂರು ಸಾಲಿನಲ್ಲಿ ಐದೈದರಂತೆ 15 ಸಂಖ್ಯೆ ಇರುತ್ತವೆ. 1ರಿಂದ 90ರವರೆಗಿನ ಚೀಟಿ ಡಬ್ಬಿಗೆ ಹಾಕಿ. ಕೂಗುವವರು ಅವಸರ ಮಾಡಬಾರದು. 10 ಸೆಕೆಂಡಿಗೊಂದು ಕೂಗಿದರೂ 90 ಮುಗಿಯಲು 15 ನಿಮಿಷ ಅಷ್ಟೇ. ‘ಎಪ್ಪತ್ತಾರು, ಏಳು–ಆರು’ ಎಂದು ಬಿಡಿಸಿ ಹೇಳಿ, ಜತೆಗೆ ಇಂಗ್ಲಿಷಿನಲ್ಲೂ ಹೇಳಿ. ಇಂಗ್ಲಿಷ್ ಮೀಡಿಯಂ ಮಕ್ಕಳು ಎಪ್ಪತ್ತಾರಕ್ಕೂ ಅರವತ್ತಾರಕ್ಕೂ ಒದ್ದಾಡುತ್ತಾರೆ. ತಪ್ಪಾಗಿ ‘ಲೈನ್’ ಎಂದವರ ಟಿಕೆಟ್ ರದ್ದು ಮಾಡುವ ಪದ್ಧತಿ ಕ್ಲಬ್ಬಿಗೇ ಇರಲಿ, ಮನೆಯಲ್ಲಿ ‘ಮುಂದುವರಿಸಿ’ ಎಂದರೆ ಆಯಿತು. ದುಡ್ಡು ಕಟ್ಟಿಸಿ ಆಡಿಸಬೇಡಿ.

ಪೆನ್ನು ಸಾಲದಿದ್ದರೆ ಸಂಖ್ಯೆ ಮುಚ್ಚಲು ಹುಣಸೆ ಬೀಜ ಹಂಚಿ. ಅಜ್ಜಿಯ ಅಳಗುಳಿ ಮಣೆಯ ಡಬ್ಬಿಯಲ್ಲಿ ಕೆಂಪು ಬಣ್ಣದ, ತುದಿ ಕಪ್ಪಾದ ಗುಲಗಂಜಿ ಸಿಕ್ಕರೆ ಅದನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಅಗಿದು ನುಂಗಿದರೆ ಆ ಬೀಜ ವಿಷ.

ಉಳಿದದ್ದು

ಚೌಕಾಬಾರಕ್ಕೆ ನಾಲ್ಕೇ ಜನ ಎಂದು ಬಿಡಬೇಡಿ: ಪ್ರತಿ ಬದಿಗೆ ಮೂವರು ಕೂತು ಸರದಿಯಂತೆ ಕವಡೆ ಹಾಕಿದರೆ 12 ಜನಕ್ಕಾಯಿತು. ಬಹುಮಾನ ಚಿಕ್ಕದಿರಲಿ. ಕರೆಂಟ್ ಹೋದರೆ ಅಂತ್ಯಾಕ್ಷರಿಗೆ ಬದಲಾಯಿಸಿ. ಕೊನೆಯ ಆಟ ಎಲೆ ಹಾಕುವ ಅರ್ಧ ಗಂಟೆ ಮೊದಲೇ ಮುಗಿಯಬೇಕು.

ಇನ್ನೊಂದು: ಇಷ್ಟೆಲ್ಲ ಆಗುವಾಗ ಅಡುಗೆಮನೆಯಲ್ಲಿ ನಾಲ್ವರು ಹೋಳಿಗೆ ತಟ್ಟುತ್ತಿರುತ್ತಾರೆ. ಯಾರೂ ಹೇಳದೆಯೇ ಔಟಾದವರು ಅವರು. ಡಬ್ಬಿ ಒಳಗೂ ಹೋಗಲಿ, ಅವರೂ ಅಡಿಕೆ–ಏಲಕ್ಕಿ ಎತ್ತಲಿ. ಸೋತ ತಂಡದ ಗಂಡಸರು ಊಟ ಬಡಿಸಲಿ.